ಎಡಿಟರ್ ಸೆಟ್ಟಿಂಗ್ಸ್ ಗಿಟ್‌ಗೆ ಹಾಕಬೇಕಾ, ಬೇಡ್ವಾ?

ಪ್ರಶ್ನೆ: ನಮ್ಮದು ಎಂಟು ಜನರ ತಂಡ. ಟೈಪ್‌ಸ್ಕ್ರಿಪ್ಟ್, ಜೊತೆಗೆ ಸ್ವಲ್ಪ ಪೈಥಾನ್ ಇರುವ ಪ್ರಾಜೆಕ್ಟ್. ಕೋಡ್ ಬರೆಯುವ ಎಡಿಟರ್ ಆಗಿ ಐವರು ವಿಎಸ್ ಕೋಡ್ ಬಳಸುತ್ತೇವೆ, ಇಬ್ಬರು ಜೆಟ್‌ಬ್ರೈನ್ಸ್, ಒಬ್ಬರು ನಿಯೋವಿಮ್. ಒಂದು ದಿನ ಯಾರೋ ವಿಎಸ್ ಕೋಡಿನ ಸೆಟ್ಟಿಂಗ್ಸ್ ಇರುವ ಡಾಟ್ ವಿಎಸ್‌ಕೋಡ್ ಫೋಲ್ಡರನ್ನು ಇಡಿಯಾಗಿ ಕಮಿಟ್ ಮಾಡಿದರು, ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿ ಹಂಚುವ ಗಿಟ್‌ಗೆ ಸೇರಿಸಿದರು. ಅಲ್ಲಿಂದ ಶುರುವಾಯಿತು ಜಗಳ. ಪುಲ್ ಮಾಡಿ ಬೇರೆಯವರ ಬದಲಾವಣೆ ತಂದುಕೊಂಡರೆ ನನ್ನ ಫಾಂಟು, ಥೀಮು ಬದಲಾಗುತ್ತವೆ. ಎರಡು ಸಾಲು ತಿದ್ದಿ ಸೇವ್ ಮಾಡಿದರೆ ಏನೇನು ಬದಲಾಯಿತು ಎಂದು ತೋರಿಸುವ ಡಿಫ್‌ನಲ್ಲಿ ಇಡೀ ಫೈಲೇ ಬದಲಾದಂತೆ ಕಾಣುತ್ತದೆ. ಅರ್ಧ ಜನ ‘ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಗೆ) ಹಾಕಿ ಮುಗಿಸಿ’ ಅನ್ನುತ್ತಾರೆ. ಇನ್ನರ್ಧ ಜನ ‘ಎಲ್ಲರಿಗೂ ಒಂದೇ ಸೆಟ್ಟಿಂಗ್ಸ್ ಇರಲೇಬೇಕು’ ಅನ್ನುತ್ತಾರೆ. ಯಾವುದು ಸರಿ? ಹಂಚಿಕೊಂಡ ಫೈಲ್ ಇದ್ದರೂ ನನ್ನ ಮಟ್ಟಿಗೆ ಒಂದೆರಡು ಬದಲಾಯಿಸಿಕೊಳ್ಳುವ ದಾರಿ ಇದೆಯಾ?

ಉತ್ತರ: ಫೋಲ್ಡರ್ ಗಿಟ್‌ನಲ್ಲಿ ಇರಲಿ. ಆದರೆ ಈಗ ಇರುವ ಹಾಗೆ ಬೇಡ. ಅದರೊಳಗಿರುವ ಮುಕ್ಕಾಲು ಭಾಗ ಅಲ್ಲಿ ಇರಲೇಬಾರದು ಎಂದು ನನ್ನ ಊಹೆ.

ನಿಮ್ಮ ತಂಡದಲ್ಲಿ ನಡೆಯುತ್ತಿರುವುದು ಒಂದಲ್ಲ, ಎರಡು ಜಗಳ. ಫಾಂಟು, ಥೀಮು ಬದಲಾಗುವುದು ಒಂದು. ಸೇವ್ ಮಾಡಿದರೆ ಇಡೀ ಫೈಲ್ ಬದಲಾಗುವುದು ಇನ್ನೊಂದು. ಎರಡೂ ಒಂದೇ ಫೋಲ್ಡರಿನಿಂದ ಬಂದಂತೆ ಕಾಣುವುದರಿಂದ ಒಂದೇ ಮದ್ದು ಹುಡುಕುತ್ತಿದ್ದೀರಿ. ಗಿಟ್‌ಇಗ್ನೋರ್‌ಗೆ ಹಾಕಿದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಇನ್ನೂ ಜಾಸ್ತಿಯಾಗುತ್ತದೆ. ಎಲ್ಲರಿಗೂ ಒಂದೇ ಸೆಟ್ಟಿಂಗ್ಸ್ ಅಂದರೆ ವಿಎಸ್ ಕೋಡ್ ಬಳಸದ ಮೂವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಪ್ರತಿಯೊಂದು ಸೆಟ್ಟಿಂಗ್ ನೋಡಿದಾಗಲೂ ಒಂದೇ ಪ್ರಶ್ನೆ ಕೇಳಿ: ಇದು ಫೈಲಿನೊಳಗಿನ ಅಕ್ಷರಗಳನ್ನು ಬದಲಾಯಿಸುತ್ತದೆಯೋ, ಬರೀ ನನ್ನ ಪರದೆಯನ್ನೋ? ಟ್ಯಾಬೋ ಸ್ಪೇಸೋ, ಸಾಲಿನ ಕೊನೆಯ ಗುರುತು ಯಾವುದು, ಕೋಡನ್ನು ಒಂದೇ ಥರ ಜೋಡಿಸುವ ಫಾರ್ಮ್ಯಾಟರ್ ಯಾವುದು: ಇವೆಲ್ಲ ಫೈಲಿಗೆ ಸೇರಿದವು. ಹಾಗಾಗಿ ಪ್ರಾಜೆಕ್ಟಿಗೆ ಸೇರಿದವು, ಒಬ್ಬರ ಇಷ್ಟಕ್ಕೆ ಬಿಡುವಂತಿಲ್ಲ. ಫಾಂಟಿನ ಗಾತ್ರ, ಥೀಮು, ಮಿನಿಮ್ಯಾಪ್, ಸೈಡ್‌ಬಾರ್ ಎಡಕ್ಕೋ ಬಲಕ್ಕೋ, ಆಟೋಸೇವ್: ಇವು ನಿಮ್ಮ ಕಣ್ಣಿಗೆ, ಕೈಗೆ ಸೇರಿದವು. ಇವನ್ನು ಕಮಿಟ್ ಮಾಡುವುದು ಬೇರೆಯವರ ಮೇಜಿನ ಮೇಲೆ ಕೈಯಾಡಿಸಿದ ಹಾಗೆ.

ಕೈಯಾಡಿಸಿದ ಹಾಗೆ ಅಂತ ಸುಮ್ನೆ ಹೇಳಲಿಲ್ಲ. ವಿಎಸ್ ಕೋಡ್ ಸೆಟ್ಟಿಂಗ್ಸನ್ನು ಪದರ ಪದರವಾಗಿ ಓದುತ್ತದೆ. ಕೆಳಗೆ ಅದರದೇ ಡಿಫಾಲ್ಟ್. ಅದರ ಮೇಲೆ ನಿಮ್ಮ ಯೂಸರ್ ಸೆಟ್ಟಿಂಗ್ಸ್. ಅದರ ಮೇಲೆ ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್, ಅಂದರೆ ಡಾಟ್ ವಿಎಸ್‌ಕೋಡ್ ಒಳಗಿನ ಸೆಟ್ಟಿಂಗ್ಸ್ ಡಾಟ್ ಜೇಸನ್. ಮೇಲಿನ ಪದರ ಗೆಲ್ಲುತ್ತದೆ. ಹಾಗಾಗಿ ಆ ಫೈಲಿನಲ್ಲಿ ಯಾರಾದರೂ ಫಾಂಟ್ 11 ಎಂದು ಬರೆದರೆ, ಕಣ್ಣು ಮಂಜಾಗಿ 18 ಇಟ್ಟುಕೊಂಡವರಿಗೂ 11 ಬರುತ್ತದೆ. ಅವರು ತಮ್ಮ ಯೂಸರ್ ಸೆಟ್ಟಿಂಗ್ಸ್‌ನಲ್ಲಿ ಬರೆದ 18 ನಡೆಯುವುದಿಲ್ಲ.

ಇಲ್ಲೇ ಒಂದು ಸೂಕ್ಷ್ಮವಿದೆ. ತುಂಬಾ ತಂಡಗಳು ಎಡವುವುದು ಇಲ್ಲಿ. ಒಂದು ಭಾಷೆಗೆಂದೇ ಬರೆದ ಸೆಟ್ಟಿಂಗ್, ಎಲ್ಲ ಭಾಷೆಗೂ ಸೇರಿಸಿ ಬರೆದ ಸೆಟ್ಟಿಂಗನ್ನು ಯಾವಾಗಲೂ ಮೀರುತ್ತದೆ. ಪದರ ಯಾವುದಾದರೂ ಸರಿ. ನಿಮ್ಮ ಪ್ರಾಜೆಕ್ಟ್ ಫೈಲಿನಲ್ಲಿ ‘ಡಿಫಾಲ್ಟ್ ಫಾರ್ಮ್ಯಾಟರ್ ಪ್ರಿಟಿಯರ್’ ಎಂದು ಮಾತ್ರ ಇದೆ ಅಂದುಕೊಳ್ಳಿ. ಒಬ್ಬರ ಯೂಸರ್ ಸೆಟ್ಟಿಂಗ್ಸ್‌ನಲ್ಲಿ ಟೈಪ್‌ಸ್ಕ್ರಿಪ್ಟಿಗೆಂದೇ ಬೇರೆ ಫಾರ್ಮ್ಯಾಟರ್ ಬರೆದಿದೆ. ಗೆಲ್ಲುವುದು ಅವರದು, ಪ್ರಾಜೆಕ್ಟಿನದಲ್ಲ. ‘ಎಲ್ಲರ ಹತ್ರ ಒಂದೇ ಸೆಟ್ಟಿಂಗ್ಸ್ ಇದೆ, ಆದ್ರೂ ಅವರೊಬ್ಬರ ಫೈಲ್ ಮಾತ್ರ ಬೇರೆ ಥರ ಬರುತ್ತೆ’ ಎಂಬ ದೂರಿನ ಹಿಂದೆ ಇದೇ ಇರುವ ಸಾಧ್ಯತೆ ಜಾಸ್ತಿ. ಫಾರ್ಮ್ಯಾಟರಿನ ಹೆಸರನ್ನು ಪ್ರಾಜೆಕ್ಟ್ ಫೈಲಿನಲ್ಲೂ ಟೈಪ್‌ಸ್ಕ್ರಿಪ್ಟಿಗೆ ಒಂದು, ಪೈಥಾನಿಗೆ ಒಂದು ಎಂದು ಭಾಷೆಯ ಬ್ಲಾಕಿನೊಳಗೆ ಬರೆಯಿರಿ. ಆಗ ಪದರದ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು: ಟ್ಯಾಬ್ ಗಾತ್ರ 2 ಎಂದು ಬರೆದಿದ್ದರೂ ಕೆಲವು ಫೈಲುಗಳಲ್ಲಿ 4 ಬರುತ್ತದೆ, ಅಲ್ವಾ? ವಿಎಸ್ ಕೋಡ್ ಫೈಲ್ ತೆರೆದ ಕೂಡಲೇ ಒಳಗಿನ ಸಾಲುಗಳನ್ನು ನೋಡಿ ಇಂಡೆಂಟೇಶನ್ ಊಹಿಸುತ್ತದೆ. ಡಿಟೆಕ್ಟ್ ಇಂಡೆಂಟೇಶನ್ ಎಂಬ ಆ ಸೆಟ್ಟಿಂಗ್ ಮೊದಲಿನಿಂದಲೇ ಆನ್ ಆಗಿರುತ್ತದೆ. ಊಹೆ ಸಿಕ್ಕರೆ ನೀವು ಬರೆದ 2 ಅನ್ನು ಪಕ್ಕಕ್ಕಿಡುತ್ತದೆ. ಹಳೆಯ ಫೈಲುಗಳು ಹಳೆಯ ಥರವೇ ಮುಂದುವರಿಯುವುದಕ್ಕೆ ಇದೇ ಕಾರಣ.

ಈಗ ಫೈಲಿಗೆ ಸೇರಿದ ಸೆಟ್ಟಿಂಗ್ಸ್ ಎಲ್ಲಿ ಬರೆಯಬೇಕು ಎಂಬುದಕ್ಕೆ ಬರೋಣ. ಯಾವುದೋ ಒಂದು ಎಡಿಟರಿನ ಫೋಲ್ಡರಿನಲ್ಲಿ ಅಲ್ಲ. ಮೂರು ಬಗೆಯ ಎಡಿಟರ್ ಇರುವ ನಿಮ್ಮಂಥ ತಂಡಕ್ಕಂತೂ ಅಲ್ಲವೇ ಅಲ್ಲ.

ಮೊದಲು ಎಡಿಟರ್‌ಕಾನ್ಫಿಗ್. ಪ್ರಾಜೆಕ್ಟಿನ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ಡಾಟ್ ಎಡಿಟರ್‌ಕಾನ್ಫಿಗ್ ಎಂಬ ಒಂದು ಚಿಕ್ಕ ಫೈಲ್. ಇಂಡೆಂಟ್ ಟ್ಯಾಬೋ ಸ್ಪೇಸೋ, ಎಷ್ಟು, ಸಾಲಿನ ಕೊನೆ ಯಾವುದು, ಅಕ್ಷರಗಳ ಎನ್‌ಕೋಡಿಂಗ್ ಏನು, ಸಾಲಿನ ಕೊನೆಯ ಖಾಲಿ ಜಾಗ ಅಳಿಸಬೇಕಾ, ಫೈಲಿನ ಕೊನೆಗೆ ಹೊಸ ಸಾಲು ಬೇಕಾ, ಇಷ್ಟೇ ಅದರ ವಿಷಯ. ಜೆಟ್‌ಬ್ರೈನ್ಸ್ ಎಡಿಟರುಗಳು ಇದನ್ನು ತಾವಾಗಿಯೇ ಓದುತ್ತವೆ. ನಿಯೋವಿಮ್ 2023ರಲ್ಲಿ ಬಂದ 0.9 ಆವೃತ್ತಿಯಿಂದ ಓದುತ್ತದೆ. ತಮಾಷೆಯೆಂದರೆ ನಿಮ್ಮಲ್ಲಿ ಐವರು ಬಳಸುವ ವಿಎಸ್ ಕೋಡ್‌ಗೆ ಮಾತ್ರ ಎಕ್ಸ್‌ಟೆನ್ಶನ್ ಬೇಕು. ಅದು ಇಲ್ಲದವರಿಗೆ ಫೈಲ್ ಇದ್ದೂ ಇಲ್ಲದಂತೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಫೈಲಿನ ತಲೆಯಲ್ಲಿ ‘ರೂಟ್ ಈಕ್ವಲ್ ಟು ಟ್ರೂ’ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಎಡಿಟರ್ ಮೇಲಿನ ಫೋಲ್ಡರುಗಳನ್ನೂ ಹುಡುಕುತ್ತಾ ಹೋಗುತ್ತದೆ. ಯಾರದೋ ಹೋಮ್ ಫೋಲ್ಡರಿನಲ್ಲಿ ಬೇರೆ ಎಡಿಟರ್‌ಕಾನ್ಫಿಗ್ ಇದ್ದರೆ ಅದೂ ಬಂದು ಸೇರುತ್ತದೆ. ಮತ್ತೆ ಎರಡು ಅಪವಾದ ಬರೆದಿಡಿ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸಿಗೆ ‘ಇಲ್ಲಿ ಸಾಲು ಮುರಿ’ ಎಂಬ ಅರ್ಥವಿದೆ. ಅಲ್ಲಿ ಖಾಲಿ ಜಾಗ ಅಳಿಸುವುದನ್ನು ನಿಲ್ಲಿಸಿ. ಮೇಕ್‌ಫೈಲ್‌ಗೆ ಟ್ಯಾಬೇ ಬೇಕು, ಸ್ಪೇಸ್ ಹಾಕಿದರೆ ಓಡುವುದಿಲ್ಲ.

ಎರಡನೆಯದು ಸಾಲಿನ ಕೊನೆಯ ಗುರುತು. ನೀವು ಹೇಳಿದ ‘ಇಡೀ ಫೈಲೇ ಬದಲಾಯಿತು’ ಎಂಬುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ವಿಂಡೋಸ್ ಸಂಪ್ರದಾಯದಲ್ಲಿ ಸಾಲಿನ ಕೊನೆಗೆ ಎರಡು ಗುರುತು, ಸಿಆರ್ ಮತ್ತು ಎಲ್‌ಎಫ್. ಲಿನಕ್ಸ್, ಮ್ಯಾಕ್‌ಗಳಲ್ಲಿ ಎಲ್‌ಎಫ್ ಒಂದೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಗಿಟ್‌ಗೆ ಮಾತ್ರ ಪ್ರತಿ ಸಾಲೂ ಬೇರೆ. ಪರೀಕ್ಷಿಸುವುದು ಸುಲಭ. ಗಿಟ್ ಡಿಫ್‌ಗೆ ‘ಇಗ್ನೋರ್ ಸ್ಪೇಸ್ ಅಟ್ ಇಓಎಲ್’ ಎಂಬ ಆಪ್ಷನ್ ಕೊಟ್ಟು ನೋಡಿ. ಡಿಫ್ ಎರಡು ಸಾಲಿಗೆ ಕುಗ್ಗಿದರೆ ಕಳ್ಳ ಸಿಕ್ಕ.

ಇದನ್ನು ಎಡಿಟರಿನಲ್ಲಿ ಸರಿ ಮಾಡಲು ಹೋಗಬೇಡಿ, ಗಿಟ್‌ನಲ್ಲೇ ಮಾಡಿ. ವಿಂಡೋಸಿನಲ್ಲಿ ಗಿಟ್ ಇನ್‌ಸ್ಟಾಲ್ ಮಾಡುವಾಗ ಸಾಲಿನ ಕೊನೆಯ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ಉತ್ತರ ಒತ್ತಿರುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಆ ಉತ್ತರವನ್ನು ಮೀರಿಸುವುದು ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಫೈಲ್. ಅದರಲ್ಲಿ ಎಲ್ಲ ಫೈಲಿಗೂ ‘ಟೆಕ್ಸ್ಟ್ ಆಟೋ, ಇಓಎಲ್ ಎಲ್‌ಎಫ್’ ಎಂದು ಒಂದು ಸಾಲು ಬರೆಯಿರಿ. ವಿಂಡೋಸಿನ ಬ್ಯಾಚ್ ಫೈಲುಗಳಿದ್ದರೆ ಅವಕ್ಕೆ ಸಿಆರ್‌ಎಲ್‌ಎಫ್ ಎಂದು ಇನ್ನೊಂದು. ಆಮೇಲೆ ಗಿಟ್ ಆ್ಯಡ್‌ಗೆ ‘ರೀನಾರ್ಮಲೈಸ್’ ಆಪ್ಷನ್ ಕೊಟ್ಟು ಒಂದು ಸಲ ಓಡಿಸಿ ಕಮಿಟ್ ಮಾಡಿ. ಹಳೆಯ ಫೈಲುಗಳೂ ಸರಿಹೋಗುತ್ತವೆ. ಇದು ಅಂದಚೆಂದದ ವಿಷಯವಷ್ಟೇ ಅಲ್ಲ. ಶೆಲ್ ಸ್ಕ್ರಿಪ್ಟಿನ ಮೊದಲ ಸಾಲಿನ ಕೊನೆಗೆ ಒಂದು ಸಿಆರ್ ಸೇರಿಕೊಂಡರೆ ಸರ್ವರಿನಲ್ಲಿ ಆ ಸ್ಕ್ರಿಪ್ಟ್ ಓಡುವುದೇ ಇಲ್ಲ. ಬರುವ ದೋಷದ ಸಂದೇಶ ನೋಡಿದರೆ ಕಾರಣವೂ ಹೊಳೆಯುವುದಿಲ್ಲ.

ಮೂರನೆಯದು ಫಾರ್ಮ್ಯಾಟರ್. ಟೈಪ್‌ಸ್ಕ್ರಿಪ್ಟಿಗೆ ಪ್ರಿಟಿಯರ್, ಪೈಥಾನಿಗೆ ಬ್ಲ್ಯಾಕ್ ಅಥವಾ ರಫ್. ಯಾವುದು ಎಂಬುದು ನನಗೆ ಮುಖ್ಯವಲ್ಲ, ಒಂದು ಇರುವುದು ಮುಖ್ಯ. ಅದರ ಸೆಟ್ಟಿಂಗ್ಸ್ ಅದರದೇ ಫೈಲಿನಲ್ಲಿ ಇರಲಿ. ‘ಸಿಂಗಲ್ ಕೋಟ್ ಬೇಕು’ ಎಂಬುದನ್ನು ವಿಎಸ್ ಕೋಡ್ ಸೆಟ್ಟಿಂಗ್ಸ್‌ನಲ್ಲಿ ಬರೆದರೆ ಕಮಾಂಡ್ ಲೈನಿನಲ್ಲಿ ಓಡುವ ಪ್ರಿಟಿಯರ್‌ಗೆ ಅದು ಗೊತ್ತಾಗುವುದಿಲ್ಲ, ಜೆಟ್‌ಬ್ರೈನ್ಸಿನವರಿಗೂ ಗೊತ್ತಾಗುವುದಿಲ್ಲ. ಡಾಟ್ ಪ್ರಿಟಿಯರ್‌ಆರ್‌ಸಿ ಫೈಲಿನಲ್ಲಿ ಬರೆದರೆ ಎಲ್ಲರಿಗೂ ಒಂದೇ. ಇಂಡೆಂಟ್, ಸಾಲಿನ ಕೊನೆ ಇವನ್ನು ಪ್ರಿಟಿಯರ್ ಎಡಿಟರ್‌ಕಾನ್ಫಿಗ್‌ನಿಂದಲೇ ಓದಿಕೊಳ್ಳುತ್ತದೆ. ಎರಡು ಕಡೆ ಬರೆಯುವ ಕೆಲಸವಿಲ್ಲ.

ಆದರೆ ಫಾರ್ಮ್ಯಾಟರ್ ಒಂದೇ ಆದರೆ ಸಾಲದು, ಅದರ ಆವೃತ್ತಿಯೂ ಒಂದೇ ಇರಬೇಕು. ಇದನ್ನು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಎಲ್ಲ ಸರಿ ಮಾಡಿದ ಮೇಲೂ ಜಗಳ ಉಳಿಯುವುದು ಇಲ್ಲೇ. ಪ್ರಿಟಿಯರ್ 2020ರ 2.0 ಆವೃತ್ತಿಯಲ್ಲಿ ಸಾಲಿನ ಕೊನೆಯ ಡಿಫಾಲ್ಟನ್ನು ಎಲ್‌ಎಫ್ ಮಾಡಿತು. 2023ರ 3.0ದಲ್ಲಿ ಕೊನೆಯ ಅಲ್ಪವಿರಾಮದ ಡಿಫಾಲ್ಟನ್ನು ‘ಆಲ್’ ಮಾಡಿತು, ಅಂದರೆ ಫಂಕ್ಷನ್ನಿನ ಆರ್ಗ್ಯುಮೆಂಟುಗಳ ಕೊನೆಗೂ ಕಾಮಾ. ಒಬ್ಬರ ಹತ್ತಿರ 2, ಇನ್ನೊಬ್ಬರ ಹತ್ತಿರ 3 ಇದ್ದರೆ ಏನಾಗುತ್ತದೆ? ಒಬ್ಬರು ಸೇವ್ ಮಾಡಿದಾಗ ಕಾಮಾ ಬರುತ್ತದೆ, ಇನ್ನೊಬ್ಬರು ಸೇವ್ ಮಾಡಿದಾಗ ಹೋಗುತ್ತದೆ. ಇಬ್ಬರೂ ಸೆಟ್ಟಿಂಗ್ಸ್ ಒಂದೇ ಎಂದು ಆಣೆ ಇಡುತ್ತಾರೆ, ಇಬ್ಬರೂ ಹೇಳುವುದು ನಿಜ.

ಹಾಗಾಗಿ ಪ್ರಿಟಿಯರನ್ನು ಪ್ರಾಜೆಕ್ಟಿನ ಡಿಪೆಂಡೆನ್ಸಿಯಾಗಿ, ‘ಇದಕ್ಕಿಂತ ಹೊಸದೂ ಆಗಬಹುದು’ ಎನ್ನುವ ಕ್ಯಾರೆಟ್ ಗುರುತಿಲ್ಲದೆ, ನಿಖರ ಆವೃತ್ತಿಯೊಂದಿಗೆ ಹಾಕಿ. ವಿಎಸ್ ಕೋಡಿನ ಪ್ರಿಟಿಯರ್ ಎಕ್ಸ್‌ಟೆನ್ಶನ್ ಪ್ರಾಜೆಕ್ಟಿನಲ್ಲಿ ಪ್ರಿಟಿಯರ್ ಇದ್ದರೆ ಅದನ್ನೇ ಬಳಸುತ್ತದೆ, ಇಲ್ಲದಿದ್ದರೆ ತನ್ನ ಜೊತೆ ತಂದದ್ದನ್ನು ಬಳಸುತ್ತದೆ. ಪೈಥಾನ್ ಕಡೆ ಇನ್ನೂ ಹುಷಾರಾಗಿರಬೇಕು. ಬ್ಲ್ಯಾಕಿನ ಎಕ್ಸ್‌ಟೆನ್ಶನ್ ತನ್ನದೇ ಬ್ಲ್ಯಾಕನ್ನು ಹೊತ್ತು ತರುತ್ತದೆ. ಬೇರೆ ಹೇಳದಿದ್ದರೆ ಅದನ್ನೇ ಓಡಿಸುತ್ತದೆ. ಇಂಪೋರ್ಟ್ ಸ್ಟ್ರ್ಯಾಟಜಿ ಎಂಬ ಸೆಟ್ಟಿಂಗನ್ನು ‘ಫ್ರಮ್ ಎನ್ವಿರಾನ್‌ಮೆಂಟ್’ ಎಂದು ಬದಲಾಯಿಸಿದರೆ ಪ್ರಾಜೆಕ್ಟಿನ ಬ್ಲ್ಯಾಕ್ ಓಡುತ್ತದೆ. ಇಂಥ ಸಾಲು ಡಾಟ್ ವಿಎಸ್‌ಕೋಡ್ ಒಳಗೆ ಇರಲೇಬೇಕಾದ ಸಾಲು.

ಇಷ್ಟಾದ ಮೇಲೂ ಸೇವ್ ಮಾಡುವಾಗ ಫಾರ್ಮ್ಯಾಟ್ ಆಗುತ್ತದೆ ಎಂದು ನಂಬಿ ಕೂರಬೇಡಿ. ಎಡಿಟರ್ ಮಾಡುವುದು ಒಂದು ಅನುಕೂಲ ಅಷ್ಟೇ. ತೀರ್ಪು ಸಿಐನಲ್ಲಿ, ಅಂದರೆ ಪ್ರತಿ ಬದಲಾವಣೆಯನ್ನೂ ಸರ್ವರಿನಲ್ಲಿ ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಯಲ್ಲಿ ಆಗಲಿ. ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಎಂಬ ಕೋರಿಕೆ) ಬಂದಾಗ ಪ್ರಿಟಿಯರನ್ನು ‘ಚೆಕ್’ ಆಪ್ಷನ್ನಿನಲ್ಲಿ ಓಡಿಸಿ, ತಪ್ಪಿದ್ದರೆ ಕೆಂಪು ಗುರುತು ತೋರಿಸಲಿ. ಬ್ಲ್ಯಾಕಿಗೂ ಹಾಗೇ. ಇದಾದ ಮೇಲೆ ಯಾರು ಯಾವ ಎಡಿಟರ್ ಬಳಸುತ್ತಾರೆ ಎಂಬುದು ನಿಜಕ್ಕೂ ಅವರವರ ವಿಷಯವಾಗುತ್ತದೆ. ಕಮಿಟ್ ಮಾಡುವಾಗ ತಾನೇ ಓಡುವ ಗಿಟ್ ಹುಕ್ ಹಾಕಿದರೆ ಸಾಲದಾ ಎಂದು ಕೇಳಬಹುದು. ಹುಕ್‌ಗಳು ಕ್ಲೋನ್ ಜೊತೆ ಬರುವುದಿಲ್ಲ, ಪ್ರತಿಯೊಬ್ಬರೂ ತಮ್ಮಲ್ಲಿ ಹೊಂದಿಸಿಕೊಳ್ಳಬೇಕು. ಜೊತೆಗೆ ಅವನ್ನು ದಾಟಿ ಕಮಿಟ್ ಮಾಡುವುದಕ್ಕೆ ಒಂದು ಆಪ್ಷನ್ ಸಾಕು. ಇರಲಿ, ಆದರೆ ಸಿಐ ಬದಲಿಗೆ ಅಲ್ಲ.

ಮೊದಲ ಸಲ ಫಾರ್ಮ್ಯಾಟರನ್ನು ಇಡೀ ಕೋಡಿನ ಮೇಲೆ ಓಡಿಸಿದಾಗ ಒಂದು ದೊಡ್ಡ ಕಮಿಟ್ ಆಗುತ್ತದೆ. ಅದನ್ನು ಒಂಟಿಯಾಗಿಯೇ ಮಾಡಿ, ಬೇರೆ ಯಾವ ಬದಲಾವಣೆಯನ್ನೂ ಬೆರೆಸಬೇಡಿ. ‘ಹಾಗೆ ಮಾಡಿದರೆ ಬ್ಲೇಮ್ ಹಾಳಾಗುತ್ತೆ’ ಎಂದು ಹಿರಿಯರೊಬ್ಬರು ಖಂಡಿತ ಹೇಳುತ್ತಾರೆ. ಬ್ಲೇಮ್ ಅಂದರೆ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಗಿಟ್ ಕಮಾಂಡ್. ಅದಕ್ಕೆ 2019ರಲ್ಲೇ, ಗಿಟ್ 2.23ರಲ್ಲಿ, ಪರಿಹಾರ ಬಂದಿದೆ. ಡಾಟ್ ಗಿಟ್ ಬ್ಲೇಮ್ ಇಗ್ನೋರ್ ರೆವ್ಸ್ ಎಂಬ ಫೈಲಿನಲ್ಲಿ ಆ ಕಮಿಟ್‌ನ ಹ್ಯಾಷ್ ಬರೆದಿಟ್ಟು, ಗಿಟ್ ಕಾನ್ಫಿಗ್‌ನ ಬ್ಲೇಮ್ ಇಗ್ನೋರ್ ರೆವ್ಸ್ ಫೈಲ್ ಸೆಟ್ಟಿಂಗಿಗೆ ಅದನ್ನು ತೋರಿಸಿದರೆ ಬ್ಲೇಮ್ ಆ ಕಮಿಟನ್ನು ದಾಟಿ ಹಿಂದಿನ ನಿಜವಾದ ಲೇಖಕರನ್ನು ತೋರಿಸುತ್ತದೆ. ಗಿಟ್‌ಹಬ್ ಕೂಡ ಈ ಫೈಲನ್ನು ಗುರುತಿಸುತ್ತದೆ.

ಅರ್ಧ ಕೆಲಸವಾಗಿ ತೆರೆದಿರುವ ಬ್ರಾಂಚುಗಳು (ಕೋಡಿನ ಪ್ರತ್ಯೇಕ ಕವಲುಗಳು) ಇನ್ನೊಂದು ತಲೆನೋವು. ಅವಕ್ಕೆ ಒಂದು ಉಪಾಯವಿದೆ. ನಿಮ್ಮ ಬ್ರಾಂಚಿಗೆ ಮೊದಲು ಫಾರ್ಮ್ಯಾಟ್ ಕಮಿಟ್‌ನ ಹಿಂದಿನ ಕಮಿಟ್‌ವರೆಗೆ ಮಾತ್ರ ಮರ್ಜ್ ಮಾಡಿ. ಫಾರ್ಮ್ಯಾಟರಿನ ಹೊಸ ಸೆಟ್ಟಿಂಗ್ ಫೈಲುಗಳು ಅದಕ್ಕೂ ಮೊದಲೇ ಮುಖ್ಯ ಬ್ರಾಂಚಾದ ಮೇನ್‌ಗೆ ಬಂದಿರಲಿ. ಆಮೇಲೆ ನಿಮ್ಮ ಬ್ರಾಂಚಿನಲ್ಲೇ ಅದೇ ಫಾರ್ಮ್ಯಾಟರನ್ನು ಓಡಿಸಿ ಕಮಿಟ್ ಮಾಡಿ. ಕೊನೆಗೆ ಫಾರ್ಮ್ಯಾಟ್ ಕಮಿಟನ್ನು ‘ಅವರ್ಸ್’ ಸ್ಟ್ರ್ಯಾಟಜಿಯಲ್ಲಿ ಮರ್ಜ್ ಮಾಡಿ. ಎರಡೂ ಕಡೆ ಒಂದೇ ಫಾರ್ಮ್ಯಾಟರ್ ಓಡಿರುವುದರಿಂದ ನಿಮ್ಮ ಕಡೆಯದನ್ನು ಇಟ್ಟುಕೊಂಡರೆ ಏನೂ ಕಳೆದುಹೋಗುವುದಿಲ್ಲ. ಕೈಯಲ್ಲಿ ಕಾನ್ಫ್ಲಿಕ್ಟ್ ಬಿಡಿಸುತ್ತಾ ಕೂರುವ ಕಷ್ಟ ತಪ್ಪುತ್ತದೆ.

ಹಾಗಾದರೆ ಡಾಟ್ ವಿಎಸ್‌ಕೋಡ್ ಒಳಗೆ ಉಳಿಯುವುದೇನು? ಸ್ವಲ್ಪವೇ. ಆದರೆ ಆ ಸ್ವಲ್ಪ ಬೆಲೆಯುಳ್ಳದ್ದು. ಸೆಟ್ಟಿಂಗ್ಸ್ ಫೈಲಿನಲ್ಲಿ ಸೇವ್ ಮಾಡುವಾಗ ಫಾರ್ಮ್ಯಾಟ್ ಆಗಲಿ ಎಂಬುದು, ಭಾಷೆವಾರು ಫಾರ್ಮ್ಯಾಟರಿನ ಹೆಸರು, ಪ್ರಾಜೆಕ್ಟಿನ ಟೈಪ್‌ಸ್ಕ್ರಿಪ್ಟನ್ನೇ ಬಳಸು ಎಂಬ ಸೂಚನೆ, ಬಿಲ್ಡ್ ಫೋಲ್ಡರನ್ನು ಹುಡುಕಾಟದಿಂದ ಹೊರಗಿಡುವ ಸಾಲು. ಬಹುಶಃ ಹತ್ತು ಹದಿನೈದು ಸಾಲು. ಮಾಮೂಲಿ ಜೇಸನ್‌ನಲ್ಲಿ ಕಾಮೆಂಟ್ ಬರೆಯುವಂತಿಲ್ಲ, ಆದರೆ ವಿಎಸ್ ಕೋಡ್ ಈ ಫೈಲಿನಲ್ಲಿ ಒಪ್ಪುತ್ತದೆ. ಪ್ರತಿ ಸಾಲಿನ ಮೇಲೆ ಯಾಕೆ ಎಂದು ಅರ್ಧ ವಾಕ್ಯ ಬರೆಯಿರಿ. ಯಾಕೆ ಎಂದು ಬರೆಯಲು ಬಾರದ ಸಾಲನ್ನು ತೆಗೆದುಹಾಕಿ.

ಎಕ್ಸ್‌ಟೆನ್ಶನ್ಸ್ ಡಾಟ್ ಜೇಸನ್ ಕೂಡ ಇರಲಿ. ಅದರಲ್ಲಿ ಹೆಸರಿಸಿದವನ್ನು ಹಾಕಿಕೊಳ್ಳಿ ಎಂದು ವಿಎಸ್ ಕೋಡ್ ಸಲಹೆ ಕೊಡುತ್ತದೆ, ಬಲವಂತ ಮಾಡುವುದಿಲ್ಲ. ಎಡಿಟರ್‌ಕಾನ್ಫಿಗ್, ಪ್ರಿಟಿಯರ್, ಪೈಥಾನ್ ಫಾರ್ಮ್ಯಾಟರ್, ಕೋಡಿನ ತಪ್ಪು ಹುಡುಕುವ ಲಿಂಟರ್, ಇಷ್ಟು ಸಾಕು. ಯಾರಿಗೋ ಇಷ್ಟವಾದ ಐಕಾನ್ ಪ್ಯಾಕನ್ನು ಅಲ್ಲಿ ತುರುಕಬೇಡಿ. ಹಳೆಯ ಲಿಂಟರ್ ಬೇಡ ಎನ್ನಲು ‘ಅನ್‌ವಾಂಟೆಡ್ ರೆಕಮೆಂಡೇಶನ್ಸ್’ ಎಂಬ ಇನ್ನೊಂದು ಪಟ್ಟಿಯೂ ಅದರಲ್ಲಿದೆ, ತುಂಬಾ ಜನ ಗಮನಿಸಿರುವುದಿಲ್ಲ.

ಲಾಂಚ್ ಡಾಟ್ ಜೇಸನ್ ವಿಷಯದಲ್ಲಿ ಎರಡು ಮಾತು. ಡಿಬಗ್ ಶುರುಮಾಡುವ ವಿಧಾನ ಹಂಚಿಕೊಂಡರೆ ಹೊಸಬರಿಗೆ ತುಂಬಾ ಸಹಾಯ. ಆದರೆ ಪಾಸ್‌ವರ್ಡ್, ಟೋಕನ್‌ಗಳು ಗಿಟ್‌ಗೆ ಜಾರುವುದೂ ಇಲ್ಲಿಂದಲೇ. ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಅಲ್ಲೇ ಬರೆಯುವ ಬದಲು, ಗಿಟ್‌ಗೆ ಸೇರದ ಒಂದು ಡಾಟ್ ಎನ್ವ್ ಫೈಲನ್ನು ತೋರಿಸಿ. ನೋಡ್ ಮತ್ತು ಪೈಥಾನ್ ಡಿಬಗರ್ ಎರಡೂ ಅದನ್ನು ಓದುತ್ತವೆ. ನಿಮ್ಮ ಫೋಲ್ಡರನ್ನು ಇಡಿಯಾಗಿ ಕಮಿಟ್ ಮಾಡಿದ್ದಾರೆ ಎಂದಿರಿ. ಇವತ್ತೇ ಈ ಫೈಲ್ ತೆರೆದು ನೋಡಿ. ಒಳಗೆ ಟೋಕನ್ ಸಿಕ್ಕರೆ ಅಳಿಸಿದರೆ ಸಾಲದು, ಇತಿಹಾಸದಲ್ಲಿ ಉಳಿದಿರುತ್ತದೆ. ಅದನ್ನು ರದ್ದು ಮಾಡಿ ಹೊಸದು ಪಡೆಯಬೇಕು.

ಒಬ್ಬರ ಕಂಪ್ಯೂಟರಿನಲ್ಲಿ ಫೈಲ್ ಇರುವ ಜಾಗದ ಪೂರ್ತಿ ವಿಳಾಸ (ಪಾತ್) ಈ ಫೈಲುಗಳಲ್ಲಿ ಎಲ್ಲೂ ಇರಬಾರದು. ‘ವರ್ಕ್‌ಸ್ಪೇಸ್ ಫೋಲ್ಡರ್’ ವೇರಿಯಬಲ್ ಬಳಸಿದರೂ ಕೆಲವೊಮ್ಮೆ ತಪ್ಪುತ್ತದೆ. ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟ್ ಲಿನಕ್ಸಿನಲ್ಲಿ ಬಿನ್ ಎಂಬ ಫೋಲ್ಡರಿನಲ್ಲಿ ಪೈಥಾನನ್ನು ಇಡುತ್ತದೆ, ವಿಂಡೋಸಿನಲ್ಲಿ ಸ್ಕ್ರಿಪ್ಟ್ಸ್ ಎಂಬ ಫೋಲ್ಡರಿನಲ್ಲಿ. ಒಂದೇ ಸಾಲು ಇಬ್ಬರಿಗೂ ಸರಿಹೋಗುವುದಿಲ್ಲ. ಎನ್ವಿರಾನ್‌ಮೆಂಟಿಗೆ ಎಲ್ಲರೂ ಡಾಟ್ ವೆನ್ವ್ ಎಂದೇ ಹೆಸರಿಟ್ಟರೆ ಪೈಥಾನ್ ಎಕ್ಸ್‌ಟೆನ್ಶನ್ ತಾನೇ ಹುಡುಕಿಕೊಳ್ಳುತ್ತದೆ. ಆ ಸಾಲೇ ಬೇಕಾಗುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ: ನನ್ನ ಮಟ್ಟಿಗೆ ಬದಲಾಯಿಸಿಕೊಳ್ಳುವ ದಾರಿ. ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್ ಮೇಲೆ ಕೂರುವ ‘ಸೆಟ್ಟಿಂಗ್ಸ್ ಲೋಕಲ್’ ಎಂಬಂಥ ಫೈಲನ್ನು ವಿಎಸ್ ಕೋಡ್ ಕೊಟ್ಟಿಲ್ಲ. ಪ್ರೊಫೈಲ್‌ಗಳು ಇವೆ, ಆದರೆ ಅವು ಯೂಸರ್ ಸೆಟ್ಟಿಂಗ್ಸ್ ಇರುವ ಪದರದಲ್ಲೇ ಇವೆ. ವರ್ಕ್‌ಸ್ಪೇಸಿನದನ್ನು ಮೀರುವುದಿಲ್ಲ. ಅರ್ಧ ದಾರಿ ಒಂದಿದೆ. ರಿಪಾಸಿಟರಿಯ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರಿನ) ಹೊರಗೆ ನಿಮ್ಮದೇ ಒಂದು ಡಾಟ್ ಕೋಡ್ ವರ್ಕ್‌ಸ್ಪೇಸ್ ಫೈಲ್ ಮಾಡಿ, ಅದರ ಮೂಲಕ ಪ್ರಾಜೆಕ್ಟ್ ತೆರೆಯಿರಿ. ಆಗ ಡಾಟ್ ವಿಎಸ್‌ಕೋಡ್ ಒಳಗಿನ ಥೀಮ್‌ನಂಥ, ಇಡೀ ಕಿಟಕಿಗೆ ಸೇರಿದ ಸೆಟ್ಟಿಂಗ್ಸನ್ನು ವಿಎಸ್ ಕೋಡ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೈಲಿಗೆ ಸಂಬಂಧಿಸಿದವು ಮಾತ್ರ ಮುಂಚಿನಂತೆಯೇ ಗೆಲ್ಲುತ್ತವೆ.

‘ಸ್ಕಿಪ್ ವರ್ಕ್‌ಟ್ರೀ’, ‘ಅಸ್ಯೂಮ್ ಅನ್‌ಚೇಂಜ್ಡ್’ ಎಂಬ ಗಿಟ್ ಗುರುತುಗಳನ್ನು ಹಾಕಿಕೊಳ್ಳಿ ಎಂದು ಯಾರಾದರೂ ಹೇಳಬಹುದು. ನಿಮ್ಮ ಬದಲಾವಣೆ ಗಿಟ್ ಸ್ಟೇಟಸ್‌ನಿಂದ ಮಾಯವಾಗುತ್ತದೆ, ಚೆಂದ ಕಾಣುತ್ತದೆ. ಆಚೆ ಕಡೆ ಆ ಫೈಲ್ ಬದಲಾದ ದಿನ ಪುಲ್ ನಿಂತುಹೋಗುತ್ತದೆ, ಯಾಕೆ ಎಂದು ನಿಮಗೂ ಮರೆತಿರುತ್ತದೆ. ಈ ಉದ್ದೇಶಕ್ಕೆ ಇವನ್ನು ಬಳಸಬೇಡಿ ಎಂದು ಗಿಟ್‌ನ ದಾಖಲೆಯೇ ಹೇಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರಿಗೆ ಮೀರಬೇಕು ಅನ್ನಿಸುವ ಸೆಟ್ಟಿಂಗ್ ಹಂಚಿಕೊಂಡ ಫೈಲಿನಲ್ಲಿ ಇರಬಾರದು. ಇದ್ದರೆ ತೆಗೆಯಲು ಪುಲ್ ರಿಕ್ವೆಸ್ಟ್ ಹಾಕಿ, ಅದೇ ಸರಿಯಾದ ದಾರಿ.

ಕೆಲವು ಎಕ್ಸ್‌ಟೆನ್ಶನ್‌ಗಳು ಕೇಳದೆಯೇ ಈ ಫೈಲಿನಲ್ಲಿ ಬರೆಯುತ್ತವೆ ಎಂಬುದೂ ಗೊತ್ತಿರಲಿ. ಸ್ಪೆಲ್ ಚೆಕರಿನಲ್ಲಿ ‘ಈ ಪದ ಸೇರಿಸು’ ಎಂದು ಒತ್ತುವಾಗ ವರ್ಕ್‌ಸ್ಪೇಸ್ ಆಯ್ಕೆ ಆಗಿದ್ದರೆ ಆ ಪದ ಇಲ್ಲಿಗೇ ಬಂದು ಕೂರುತ್ತದೆ. ಕಿಟಕಿಗೆ ಬಣ್ಣ ಬಳಿಯುವ ಎಕ್ಸ್‌ಟೆನ್ಶನ್ನೂ ಇಲ್ಲಿಗೇ ಬರೆಯುತ್ತದೆ. ನಿಮ್ಮ ಮರ್ಜ್ ಕಾನ್ಫ್ಲಿಕ್ಟುಗಳಲ್ಲಿ ಎಷ್ಟೋ ಇಂಥವೇ ಇರಬಹುದು. ಪದಗಳ ಪಟ್ಟಿಯನ್ನು ಸ್ಪೆಲ್ ಚೆಕರಿನದೇ ಫೈಲಿಗೆ ಸಾಗಿಸಿ.

ಗಿಟ್‌ಇಗ್ನೋರ್ ಬರೆಯುವಾಗ ಎಡವುವ ಜಾಗ ಒಂದಿದೆ. ‘ಡಾಟ್ ವಿಎಸ್‌ಕೋಡ್ ಸ್ಲ್ಯಾಷ್’ ಎಂದು ಫೋಲ್ಡರನ್ನೇ ಬಿಟ್ಟರೆ, ಕೆಳಗೆ ಆಶ್ಚರ್ಯಸೂಚಕ ಹಾಕಿ ‘ಸೆಟ್ಟಿಂಗ್ಸ್ ಮಾತ್ರ ಬೇಕು’ ಎಂದರೂ ಗಿಟ್ ಕೇಳುವುದಿಲ್ಲ. ಬಿಟ್ಟ ಫೋಲ್ಡರಿನೊಳಗೆ ಅದು ಇಣುಕುವುದೇ ಇಲ್ಲ. ಸ್ಲ್ಯಾಷ್ ಆದ ಮೇಲೆ ಒಂದು ನಕ್ಷತ್ರ ಹಾಕಿ, ಆಮೇಲೆ ಬೇಕಾದ ಫೈಲುಗಳನ್ನು ಆಶ್ಚರ್ಯಸೂಚಕದೊಂದಿಗೆ ಒಂದೊಂದಾಗಿ ಬರೆಯಿರಿ. ಈಗಾಗಲೇ ಕಮಿಟ್ ಆಗಿರುವ ಬೇಡದ ಫೈಲುಗಳನ್ನು ಗಿಟ್ ಆರ್‌ಎಂ ‘ಕ್ಯಾಶ್ಡ್’ ಆಪ್ಷನ್ನಿನಲ್ಲಿ ತೆಗೆಯಬಹುದು. ನಿಮ್ಮ ಡಿಸ್ಕಿನಲ್ಲಿ ಫೈಲ್ ಉಳಿಯುತ್ತದೆ. ಆದರೆ ಬೇರೆಯವರು ಪುಲ್ ಮಾಡಿದಾಗ ಅವರಲ್ಲಿ ಅದು ಅಳಿಸಿಹೋಗುತ್ತದೆ. ಮೊದಲೇ ತಿಳಿಸಿ, ನಕಲು ಇಟ್ಟುಕೊಳ್ಳಲಿ. ಹೇಳದೆ ಮಾಡಿದರೆ ಇನ್ನೊಂದು ಜಗಳ.

ಜೆಟ್‌ಬ್ರೈನ್ಸಿನ ಇಬ್ಬರಿಗೂ ಇದೇ ನ್ಯಾಯ. ಡಾಟ್ ಐಡಿಯಾ ಫೋಲ್ಡರಿನಲ್ಲಿ ಕೋಡ್ ಸ್ಟೈಲ್, ಇನ್‌ಸ್ಪೆಕ್ಷನ್ ಪ್ರೊಫೈಲ್, ಹಂಚಿಕೊಳ್ಳಲೆಂದೇ ಉಳಿಸಿದ ರನ್ ಕಾನ್ಫಿಗರೇಶನ್ ಇವು ಗಿಟ್‌ಗೆ ಹೋಗಬಹುದು. ವರ್ಕ್‌ಸ್ಪೇಸ್ ಡಾಟ್ ಎಕ್ಸ್‌ಎಂಎಲ್ ಹೋಗಬಾರದು, ಅದು ಒಬ್ಬರ ಕಿಟಕಿಗಳ ಸ್ಥಿತಿ. ನಿಯೋವಿಮ್ ಬಳಸುವವರಿಗೆ ಎಡಿಟರ್‌ಕಾನ್ಫಿಗ್ ಮತ್ತು ಫಾರ್ಮ್ಯಾಟರ್ ಸಾಕು. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ, ನಿಯೋವಿಮ್ ಬಳಸುವವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಗೆ, ಈ ಫೋಲ್ಡರನ್ನು ನಿರಪಾಯ ಎಂದುಕೊಳ್ಳಬೇಡಿ. ಟಾಸ್ಕ್ಸ್ ಡಾಟ್ ಜೇಸನ್‌ನಲ್ಲಿ ‘ಫೋಲ್ಡರ್ ತೆರೆದ ಕೂಡಲೇ ಈ ಕಮಾಂಡ್ ಓಡಿಸು’ ಎಂದು ಬರೆಯಬಹುದು. 2021ರಲ್ಲಿ ವಿಎಸ್ ಕೋಡ್ ‘ಈ ಫೋಲ್ಡರನ್ನು ನಂಬುತ್ತೀರಾ’ ಎಂದು ಕೇಳಲು ಶುರುಮಾಡಿದ್ದು ಇಂಥವುಗಳಿಗಾಗಿಯೇ. ಆದರೆ ಒಂದು ಸಲ ಹೌದು ಎಂದ ಮೇಲೆ ಆ ಫೋಲ್ಡರಿಗೆ ನಾಳೆ ಬರುವ ಬದಲಾವಣೆಗೂ ಅದೇ ನಂಬಿಕೆ. ಹಳೆಯ ಎಡಿಟರುಗಳೂ ಇದಕ್ಕೆ ಹೊರತಲ್ಲ. ವಿಮ್ ಮತ್ತು ನಿಯೋವಿಮ್‌ನಲ್ಲಿ ಫೈಲಿನೊಳಗೆ ಬರೆದಿಟ್ಟ ಮೋಡ್‌ಲೈನ್ ಎಂಬ ಸೆಟ್ಟಿಂಗ್ ಸಾಲಿನ ಮೂಲಕ ಕಮಾಂಡ್ ಓಡಿಸಬಹುದಾದ ದೋಷ 2019ರಲ್ಲಿ ಬಯಲಾಗಿತ್ತು. ಹಾಗಾಗಿ ಡಾಟ್ ವಿಎಸ್‌ಕೋಡ್ ಮುಟ್ಟುವ ಪುಲ್ ರಿಕ್ವೆಸ್ಟನ್ನು ಕೋಡಿನಷ್ಟೇ ಗಮನ ಕೊಟ್ಟು ಓದಿ. ಬೇರೆ ಕೆಲಸದ ಜೊತೆ ಬೆರೆತು ಬಂದರೆ ವಾಪಸ್ ಕಳಿಸಿ, ಪ್ರತ್ಯೇಕವಾಗಿ ಬರಲಿ.

ನಿಮ್ಮ ತಂಡಕ್ಕೆ ನಾನು ಹೇಳುವ ಕ್ರಮ ಹೀಗೆ. ಮೊದಲು ಗಿಟ್‌ಆಟ್ರಿಬ್ಯೂಟ್ಸ್, ಅದೊಂದೇ ಅರ್ಧ ಗದ್ದಲ ಇಳಿಸುತ್ತದೆ. ಆಮೇಲೆ ಎಡಿಟರ್‌ಕಾನ್ಫಿಗ್ ಮತ್ತು ನಿಖರ ಆವೃತ್ತಿಯ ಫಾರ್ಮ್ಯಾಟರ್, ಆಮೇಲೆ ದೊಡ್ಡ ಫಾರ್ಮ್ಯಾಟ್ ಕಮಿಟ್, ಅದರ ಬೆನ್ನಿಗೇ ಸಿಐ ಚೆಕ್. ಡಾಟ್ ವಿಎಸ್‌ಕೋಡ್ ಫೋಲ್ಡರನ್ನು ಸೋಸುವುದು ಕೊನೆಗೆ. ಅಷ್ಟು ಹೊತ್ತಿಗೆ ಅದರಲ್ಲಿ ಏನು ಉಳಿಯಬೇಕು ಎಂಬುದು ತಾನೇ ಸ್ಪಷ್ಟವಾಗಿರುತ್ತದೆ. ಇಡೀ ಕೋಡನ್ನು ಒಮ್ಮೆಲೇ ಫಾರ್ಮ್ಯಾಟ್ ಮಾಡಲು ತಂಡ ಒಪ್ಪದಿದ್ದರೆ, ‘ಫಾರ್ಮ್ಯಾಟ್ ಆನ್ ಸೇವ್ ಮೋಡ್’ ಅನ್ನು ‘ಮಾಡಿಫಿಕೇಶನ್ಸ್’ ಎಂದು ಇಟ್ಟು ತಿದ್ದಿದ ಸಾಲುಗಳಿಗಷ್ಟೇ ಓಡಿಸಬಹುದು. ಆದರೆ ಆಯ್ದ ಸಾಲುಗಳನ್ನು ಮಾತ್ರ ಫಾರ್ಮ್ಯಾಟ್ ಮಾಡಬಲ್ಲ ಫಾರ್ಮ್ಯಾಟರ್‌ಗಳಲ್ಲಿ ಮಾತ್ರ ಇದು ನಡೆಯುತ್ತದೆ. ಫೈಲುಗಳು ಅರ್ಧ ಹಳತು ಅರ್ಧ ಹೊಸತಾಗಿ ಉಳಿಯುವುದರಿಂದ ಸಿಐನಲ್ಲಿ ಪೂರ್ತಿ ಚೆಕ್ ಹಾಕಲೂ ಆಗುವುದಿಲ್ಲ. ನನಗೆ ಅದು ಇಷ್ಟವಿಲ್ಲ.

ಎಲ್ಲ ಮುಗಿಯಿತಾ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ಹೊಸ ಫೋಲ್ಡರಿನಲ್ಲಿ ಕ್ಲೋನ್ ಮಾಡಿ, ಡಿಪೆಂಡೆನ್ಸಿ ಹಾಕಿಕೊಂಡು, ಒಂದು ಟೈಪ್‌ಸ್ಕ್ರಿಪ್ಟ್ ಫೈಲನ್ನೂ ಒಂದು ಪೈಥಾನ್ ಫೈಲನ್ನೂ ತೆರೆದು ಒಂದೊಂದು ಅಕ್ಷರ ಸೇರಿಸಿ, ಅಳಿಸಿ, ಸೇವ್ ಮಾಡಿ. ಗಿಟ್ ಡಿಫ್ ಖಾಲಿ ಬರಬೇಕು. ಎಂಟೂ ಜನ ತಮ್ಮ ತಮ್ಮ ಎಡಿಟರಿನಲ್ಲಿ ಇದನ್ನು ಮಾಡಲಿ. ಯಾರಿಗಾದರೂ ಖಾಲಿ ಬರದಿದ್ದರೆ ಮೊದಲು ಸಾಲಿನ ಕೊನೆ ನೋಡಿ, ಆಮೇಲೆ ಫಾರ್ಮ್ಯಾಟರಿನ ಆವೃತ್ತಿ, ಆಮೇಲೆ ಅವರ ಯೂಸರ್ ಸೆಟ್ಟಿಂಗ್ಸ್‌ನಲ್ಲಿ ಆ ಭಾಷೆಗೆಂದು ಬರೆದ ಬ್ಲಾಕ್ ಇದೆಯಾ ಎಂದು ನೋಡಿ.